ಗಿರಿಯವ್ವನ ಅರವಟ್ಟಿಗೆ

ಕೇಳಿ ಮಕ್ಕಳೇ, ಒಂದು ರಾಜ್ಯದ ಅಂಚಿನಲ್ಲೊಂದು ಬಯಲು ದಾರಿಯಿತ್ತು. ನೆರಳಿಗೆ ಮರವಿಲ್ಲ, ಕುಡಿಯಲು ತೊಟ್ಟು ನೀರಿಲ್ಲ. ಗಿರಿಯವ್ವನ ಗಂಡ ಆ ದಾರಿಯಲ್ಲೇ ಬಾಯಾರಿ ಸತ್ತ. ಇನ್ನೊಬ್ಬರಿಗೆ ಈ ಗತಿ ಬರಬಾರದೆಂದು ಗಿರಿಯವ್ವ ಅಲ್ಲಿ ಗರಿಯ ಚಪ್ಪರ ಹಾಕಿ, ಒಂದು ಕೊಡ ನೀರಿಟ್ಟುಕೊಂಡು ಕೂತಳು.

ಮೊದಲು ಅವಳದೊಂದೇ ಕೊಡ. ಆಮೇಲೆ ಪಕ್ಕದ ಮನೆಯ ಕೊಡ. ಆಮೇಲೆ ಊರಿನ ಕೊಡಗಳೆಲ್ಲ ಸರದಿಯ ಮೇಲೆ ಬಂದವು. ನೀರು ಕೊಡುವವರು ತಾವು ಮೊದಲು ಒಂದು ಗುಟುಕು ಕುಡಿದು, ಆಮೇಲೆ ದಾರಿಹೋಕರ ಬೊಗಸೆಗೆ ಹೊಯ್ಯಬೇಕು. ಅದು ಅಲ್ಲಿಯ ಕಟ್ಟಳೆ.

ಸುದ್ದಿ ಅರಮನೆ ಮುಟ್ಟಿತು. ರಾಜ ಖುಷಿಯಾಗಿ, ಅರವಟ್ಟಿಗೆ ನೋಡಿಕೊಳ್ಳಲು ಸೂರಪ್ಪಯ್ಯನೆಂಬ ಪಾರುಪತ್ಯಗಾರನನ್ನು ಕಳಿಸಿದ. ಆ ಮಹಾರಾಯನಿಗೋ ಬರೀ ಹೆಸರಿನ ದಾಹ.

"ಅಜ್ಜೀ, ಈ ಹರಕು ಚಪ್ಪರ ಯಾಕೆ? ಕಲ್ಲಿನ ಮಂಟಪ ಕಟ್ಟಿಸ್ತೀನಿ" ಅಂದ. ಕಟ್ಟಿಸಿದ. "ಊರೋರು ಯಾಕೆ ಹೊರಬೇಕು? ಅರಮನೆ ಬಂಡೀಲಿ ನೀರು ಬರ್ತದೆ" ಅಂದ. ಬಂತು. "ಇನ್ನು ನಿನಗೇನು ಕೆಲಸ ಇಲ್ಲಿ? ಮನೆಗೆ ಹೋಗು" ಅಂದ.

"ಊರಿನ ಕೊಡ ಮಾತ್ರ ಬಿಡಿಸಬೇಡಿ ಸ್ವಾಮಿ" ಎಂದು ಗಿರಿಯವ್ವ ಬೇಡಿಕೊಂಡಳು. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ.

ಕೊಡಗಳು ಅಟ್ಟ ಸೇರಿದವು. ಅಷ್ಟರಲ್ಲಿ ಯುದ್ಧ ಬಂತು, ಅರಮನೆಯ ಬಂಡಿಗಳು ದಂಡಿನ ಹಿಂದೆ ಹೋದವು. ಸೂರಪ್ಪಯ್ಯ ಮಂಟಪದಲ್ಲಿದ್ದ ಖಾಲಿ ನೀರಿನ ಹಂಡೆಗಳನ್ನೇ ಫಳಫಳ ತಿಕ್ಕಿಸಿ, ಹೂ ಸುತ್ತಿ ಸಾಲಾಗಿ ಇಡಿಸಿದ. ಒಂದು ಮಧ್ಯಾಹ್ನ ಬಳೆಗಾರನೊಬ್ಬ ಆ ಹಂಡೆಗಳ ಪಕ್ಕದಲ್ಲೇ ನಾಲಿಗೆ ಒಣಗಿ ಸತ್ತ. ಗಿರಿಯವ್ವ ಓಡಿ ಬಂದು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಳು. ಅಯ್ಯೋ, ಗಂಡನನ್ನು ಎರಡನೇ ಸಲ ಕಳೆದುಕೊಂಡಂತಾಯಿತು ಆ ಜೀವಕ್ಕೆ. ಬೆಂಕಿ ಬೀಳಲಿ ಆ ಮಂಟಪಕ್ಕೆ!

ಯುದ್ಧ ಮುಗಿಸಿಕೊಂಡು ರಾಜ ಅದೇ ದಾರಿಯಲ್ಲಿ ಬಂದ. ಸೂರಪ್ಪಯ್ಯ ಕಂಬಗಳನ್ನು ತೋರಿಸುತ್ತ ನಿಂತ. ಗಿರಿಯವ್ವನೂ ಬಂದು ರಾಜನಿಗೆ ಕೈಮುಗಿದಳು.

"ಬುದ್ಧೀ, ಬಾಯಾರಿ ಬಂದಿದೀರಿ. ಕೊಡೋರು ಮೊದಲು ಕುಡಿದು ಆಮೇಲೆ ಹೊಯ್ಯೋದು ಇಲ್ಲಿ ಕಟ್ಟಳೆ. ಅಯ್ಯನೋರು ಕುಡೀಲಿ."

ಸೂರಪ್ಪಯ್ಯ ತಡವರಿಸಿದ. ರಾಜ ಗದರಿದ. ಹಂಡೆ ಬಗ್ಗಿಸಿದರೆ ಸತ್ತ ಹಲ್ಲಿಯೊಂದು ಬಿತ್ತು.

ರಾಜ ಅವನನ್ನು ಗಡೀಪಾರು ಮಾಡಿ, "ಬಂಡಿಗಳನ್ನ ಮತ್ತೆ ಕಳಿಸ್ತೀನಿ ತಾಯಿ" ಅಂದ.

"ಕಳಿಸಿ ಬುದ್ಧೀ. ನಿಮಗೆ ಇನ್ನೊಂದು ಯುದ್ಧ ಬಂದೇ ಬರ್ತದೆ, ಬಂಡಿಗಳು ಮತ್ತೆ ಹೋಗೇ ಹೋಗ್ತವೆ" ಅಂದಳು ಗಿರಿಯವ್ವ.

ಆಮೇಲೆ ಊರಿಗೆ ಹೋಗಿ ಬಾಗಿಲು ತಟ್ಟಿದಳು. ಮೊದಲ ಮನೆಯವರು "ಕೊಡ ಒಡೆದುಹೋಗಿದೆ" ಅಂದರು. ಎರಡನೆಯವರು "ಅರಮನೆಯವರೇ ಕೊಡಲಿ" ಅಂದರು. ಮೂರನೆಯವರು ಬಾಗಿಲನ್ನೇ ತೆಗೆಯಲಿಲ್ಲ. ಗಿರಿಯವ್ವ ತನ್ನ ಕೊಡ ತುಂಬಿಕೊಂಡು ಹೋಗಿ, ಬಳೆಗಾರ ಸತ್ತ ಜಾಗದಲ್ಲಿ ಒಬ್ಬಳೇ ಕೂತಳು.

ಅದಕ್ಕೇ ಮಕ್ಕಳೇ, ಊರು ಸೇರಿ ಬೆಳೆಸಿದ ಧರ್ಮವನ್ನು ಊರವರ ಕೈಯಿಂದ ಬಿಡಿಸಬಾರದು. ಬಿಡಿಸುವುದು ಸುಲಭ. ಮತ್ತೆ ಹಿಡಿಸುವಷ್ಟರಲ್ಲಿ ಒಬ್ಬ ಗಿರಿಯವ್ವನ ಆಯುಷ್ಯ ಮುಗಿದಿರುತ್ತದೆ.