ಬಾವುಟದಾಚೆಯ ಪರಿಚಯ

ಒಹಾಯೊ ರಾಜ್ಯದಲ್ಲಿ ಮಧ್ಯಾವಧಿ ಚುನಾವಣೆ. ಶಾಲೆಯೊಂದರ ಮತಗಟ್ಟೆಯ ಮುಂದೆ ಹನುಮಂತನ ಬಾಲದಂಥ ಸಾಲು. ಅಭ್ಯರ್ಥಿ ಪಿಕೆಟ್ ಸಾಹೇಬರು ಅದನ್ನು ದಾಟಿ ಸೀದಾ ಗುಮಾಸ್ತೆಯ ಮೇಜಿಗೇ ಬಂದರು.

“ನಾನು ಯಾರು ಗೊತ್ತೇನಮ್ಮ? ಮೊದಲು ನನಗೆ ಮತಪತ್ರ ಕೊಡು. ಇಲ್ಲದಿದ್ದರೆ ನಾಳೆ ನಿನ್ನ ಕೆಲಸ ಇರಲ್ಲ!”

ಕೆಲಸ ಹೋದರೆ ಕಷ್ಟ, ಸಾಲು ಮುರಿದರೆ ಜನ ಬಿಡರು. ಗುಮಾಸ್ತೆ ದನಿ ತಗ್ಗಿಸಿದಳು.

“ಮೆಲ್ಲಗೆ, ಸಾರ್! ಬಾಗಿಲಿಂದ ನೂರಡಿಯೊಳಗೆ ಅಭ್ಯರ್ಥಿಯನ್ನ ಹೊಗಳಿದರೆ ಪ್ರಚಾರ ಆಗುತ್ತೆ, ಅಪರಾಧ. ನೀವು ಯಾರು ಅನ್ನೋದನ್ನ ಅಲ್ಲಿ ನೂರಡಿಗೆ ನೆಟ್ಟಿರೋ ಗಡಿ ಬಾವುಟದಾಚೆ ನಿಂತು ಎಲ್ಲರಿಗೂ ಹೇಳಿ ಬನ್ನಿ.”

ಸಾಹೇಬರು ಉಬ್ಬಿಹೋದರು. ಅರ್ಧ ಗಂಟೆ, ನೀವು ನಂಬುವುದಾದರೆ ಒಂದು ಗಂಟೆ, ಭಾಷಣ ಬಿಗಿದು ಬಂದರೆ ಸಾಲು ಬಾವುಟದವರೆಗೂ ಬೆಳೆದಿತ್ತು.

“ಈಗಲಾದರೂ ನಾನು ಯಾರು ಅಂತ ಗೊತ್ತಾಯ್ತಲ್ಲ, ದಾರಿ ಬಿಡಿ!”

ಸಾಲಿನ ತುದಿಯ ಅಜ್ಜಿ ಕತ್ತು ಹೊರಳಿಸಿದಳು: “ಗೊತ್ತಾಯ್ತಪ್ಪ. ನೀನು ನನ್ನ ಹಿಂದಿನವನು.”