ಸುಂಕಮ್ಮನ ಕಡೇಬುಟ್ಟಿ

ನಮ್ಮ ಕಲ್ಲುಮಾಳಿಗೆ ಊರಿನ ಗುಡಿಗಳನ್ನು ನೋಡದವನು ಬೇರೆ ಏನು ನೋಡಿದ್ದರೂ ಅಷ್ಟೇ. ಒಂದೇ ಪ್ರಾಕಾರದೊಳಗೆ ಏಳು ಗುಡಿ, ನೂರಾರು ಕಂಬ. ಒಂದರ ಕೆತ್ತನೆ ಇನ್ನೊಂದಕ್ಕಿಲ್ಲ. ಬಂದವರು ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತ, ದೊಡ್ಡ ಗುಡಿಯ ತೆಂಕಣ ಬಾಗಿಲ ಮುಂದಿನ ಮಣ್ಣುಗುಪ್ಪೆಯನ್ನು ಎಡವಿ, ಇದನ್ನೇಕೆ ತೆಗೆದಿಲ್ಲವೆಂದು ಗೊಣಗುತ್ತಾರೆ. ಅದು ಸುಂಕಮ್ಮನ ಕಡೇಬುಟ್ಟಿ. ಅದನ್ನು ತೆಗೆಯುವ ಗಂಡಸು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

ಹಿಂದೆ ಒಮ್ಮೆ, ಈ ಗುಡಿ ಏಳುತ್ತಿದ್ದಾಗ, ಗೋಡೆ ಎದ್ದಷ್ಟೂ ಒಳಗೆ ಮಣ್ಣು ತುಂಬುತ್ತಿದ್ದರಂತೆ. ಆ ಮಣ್ಣಿನ ಮೇಲೆ ಕಲ್ಲು ಎಳೆದು ಚಾವಣಿ ಕೂರಿಸಿ, ಕೊನೆಗೆ ಮಣ್ಣನ್ನೆಲ್ಲ ಬಾಗಿಲಿನಿಂದ ಹೊತ್ತು ಹಾಕುವುದು. ಒಬ್ಬರು ಹೊತ್ತು ತಂದ ಮಣ್ಣನ್ನು ಅವರೇ ತೆಗೆಯಬೇಕು, ಬೇರೆ ಕೈ ಮುಟ್ಟಬಾರದು. ಕಡೆಯ ಬುಟ್ಟಿ ಹೊಸ್ತಿಲು ದಾಟಿತೆಂದರೆ ಒಳಗು ದೇವರದು, ಮಣ್ಣು ಹೊರುವವರು ಮತ್ತೆ ಕಾಲಿಡುವಂತಿಲ್ಲ. ಇದು ಕಟ್ಟಳೆ. ಸುಂಕಮ್ಮನ ಗಂಡ ಓಬಯ್ಯ ಒಳಗಿನ ಕಂಬವೊಂದನ್ನು ನಿಲ್ಲಿಸುವಾಗ ಅದರಡಿ ಸಿಕ್ಕಿ ಸತ್ತಿದ್ದ. ಕೆಲಸ ಮುಗಿದು ಅವಳ ಜನ ಕತ್ತೆಗಳ ಮೇಲೆ ಗಂಟುಮೂಟೆ ಹೇರಿಕೊಂಡು ಬೇರೆಲ್ಲೋ ಕೆರೆ ತೋಡಲು ಹೋದರು. ತನ್ನ ಪಾಲಿನ ನಾಲ್ಕು ಬುಟ್ಟಿ ಮಣ್ಣು ಉಳಿದಿದೆಯೆಂದು ಅವಳೊಬ್ಬಳೇ ನಿಂತಳು. ಕಡೆಯದೊಂದನ್ನು ಬಿಟ್ಟು, ಹಗಲು ಹೊರಗೆ ಹಾಕಿದ್ದನ್ನು ಸಂಜೆಗೆ ತಾನೇ ಒಳಗೆ ತರುವಳು. ಆ ಕಂಬಕ್ಕೆ ಒರಗಿ, ಇವತ್ತು ಏನು ಉಂಡೆ, ಏನು ಕಂಡೆ ಎಂದು ಗಂಡನಿಗೆ ಒಪ್ಪಿಸುವಳು. ಅಷ್ಟು ದೊಡ್ಡ ಗುಡಿಯಲ್ಲಿ ಅವಳ ಮಾತು ಅವಳಿಗೇ ತಿರುಗಿ ಕೇಳುತ್ತಿತ್ತು ಎನ್ನುತ್ತಾರೆ.

ಮೂರು ತಿಂಗಳಾದ ಮೇಲೆ ಸ್ಥಪತಿ ಮಾಚೋಜ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ. "ಏನವ್ವಾ ಸುಂಕಮ್ಮ, ನಾಲ್ಕು ಬುಟ್ಟಿಗೆ ಮೂರು ತಿಂಗಳೇ? ಇಲಿ ತೋಡಿದ್ದರೂ ಇಷ್ಟೊತ್ತಿಗೆ ಮುಗೀತಿತ್ತು!"

"ತೋಡಿದ ಮೇಲೂ ಇಲೀನ ಒಳಗೆ ಬಿಟ್ಕೊಳ್ತೀರಯ್ಯ. ನನ್ನ?"

ಮಾಚೋಜ ಕಂಬ ನೋಡಿದ, ನೆಲ ನೋಡಿದ. "ನಾಳೆ ಪ್ರತಿಷ್ಠೆ ಕಣವ್ವ. ಕಟ್ಟಳೆ ನಾನು ಮಾಡಿದ್ದಲ್ಲ."

ಬೆಳಗಾಗುತ್ತಲೇ ಸುಂಕಮ್ಮ ಕಡೆಯ ಬುಟ್ಟಿ ಹೊತ್ತು ಹೊಸ್ತಿಲು ದಾಟಿದಳು. ದಾಟಿ ನಾಲ್ಕೇ ಹೆಜ್ಜೆಗೆ ಅದನ್ನು ಸುರಿದು, ಪಕ್ಕದಲ್ಲಿ ಕೂತುಬಿಟ್ಟಳು. "ದಾರಿಗಡ್ಡ! ಯಾರಾದರೂ ತೆಗೀರಯ್ಯ!" ಎಂದು ಪುರೋಹಿತರು ಕೂಗಾಡಿದರು. ಆಳುಗಳು ಸಲಿಕೆ ಎತ್ತಿದರು. ಮಾಚೋಜ ಅಡ್ಡ ನಿಂತ.

"ಅವಳು ಹೊತ್ತ ಮಣ್ಣು. ಅವಳೇ ತೆಗೀಬೇಕು. ಕಟ್ಟಳೆ."

ಅವಳು ತೆಗೆಯಲಿಲ್ಲ. ಒಳಗೆ ಗಂಟೆ ಮೊಳಗಿತು, ಮಂತ್ರ ಮುಗಿಯಿತು, ಜನ ಪ್ರಸಾದ ಹಿಡಿದು ಮನೆಗೆ ಹೋದರು. ಅವಳನ್ನು ಯಾರೂ ಮಾತಾಡಿಸಲಿಲ್ಲ. ಬದುಕಿದ್ದಷ್ಟು ಕಾಲ ದಿನವೂ ಬಂದು ಅಲ್ಲೇ ಕೂತಳಂತೆ.

ಈಗಲೂ ಬಂದವರು ಗುಪ್ಪೆಯನ್ನು ಸುತ್ತಿ ಬಳಸಿಕೊಂಡೇ ಒಳಗೆ ಹೋಗುತ್ತಾರೆ. ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತು ಬಾಗಿಲೊಳಗೆ ನೋಡಿದರೆ ದೇವರು ಕಾಣುವುದಿಲ್ಲ. ಒಂದು ಕಂಬದ ಬುಡ ಕಾಣುತ್ತದೆ, ಅಷ್ಟೇ.