ನಾಲಗೆಯಿಲ್ಲದ ಗಂಟೆ

"ಬುದ್ಧಿ, ನೋಡಿದವರಿಗೆ ಕಾಣುವ ಹಾಗೆ ಒಂದು ವ್ಯತ್ಯಾಸ ಇಟ್ಟಿದ್ದರೆ, ಅದು ಮೋಸವಾಗುತ್ತದಾ?" ಎಂದು ಕೇಳಿದ ಮರುಳಸಿದ್ಧ.

ಅವನು ಪೇಟೆಯಲ್ಲಿ ಪೊಟ್ಟಣ, ಡಬ್ಬಿಗಳ ಮೇಲಿನ ಚಿತ್ರ ವಿನ್ಯಾಸ ಮಾಡಿ ಬದುಕುವವನು. ಪ್ರತಿ ಸೋಮವಾರ ಮಠಕ್ಕೆ ಬರುತ್ತಿದ್ದ. ಮಗಳು ಹುಟ್ಟಿದ ಮೇಲೆ ಎರಡು ವಾರ ತಪ್ಪಿಸಿದ್ದ. ಈಗ ಎರಡು ಪೊಟ್ಟಣಗಳನ್ನು ತಂದು ಗುರುಗಳ ಮುಂದಿಟ್ಟಿದ್ದ. ಒಂದು ಎಲ್ಲರೂ ಬಲ್ಲ ಮಕ್ಕಳ ಹಾಲಿನ ಪುಡಿ. ಇನ್ನೊಂದು ಹೊಸ ವ್ಯಾಪಾರಿಯೊಬ್ಬನಿಗಾಗಿ ಇವನೇ ಮಾಡಿದ್ದು. ಅದೇ ಹಳದಿ, ಅದೇ ಸೂರ್ಯ.

"ಅದರಲ್ಲಿ ಸೂರ್ಯನಿಗೆ ಹನ್ನೆರಡು ಕಿರಣ, ಇದರಲ್ಲಿ ಹನ್ನೊಂದು. ವಕೀಲರೂ ಪರವಾಗಿಲ್ಲ ಅಂದಿದ್ದಾರೆ ಬುದ್ಧಿ."

ಗುರುಗಳು ಎರಡನ್ನೂ ತಿರುವಿ ನೋಡಿದರು. "ಇದರೊಳಗೆ ಏನಿದೆ?"

"ಅದು ನನಗೆ ಗೊತ್ತಿಲ್ಲ. ನನ್ನ ಕೆಲಸ ಹೊರಗಿನದು."

"ಕೈ ಚೆನ್ನಾಗಿದೆ ನಿಂದು," ಎಂದರು ಗುರುಗಳು. "ಇಂಥದೇ ಕೈಯವನು ಒಬ್ಬನಿದ್ದ. ಕೇಳು." ಹೀಗೆಂದು ಹೇಳತೊಡಗಿದರು.

ಒಂದು ಊರಿನಲ್ಲಿ ಅಚ್ಚು ಕೆತ್ತುವವನೊಬ್ಬನಿದ್ದ. ಮರದ ಹಲಗೆಯಲ್ಲಿ ಗುರುತು ಕೆತ್ತುತ್ತಿದ್ದ. ವ್ಯಾಪಾರಿಗಳು ಅದಕ್ಕೆ ಬಣ್ಣ ಬಳಿದು, ಕಾಗದದ ಮೇಲೆ ಒತ್ತಿ, ಪೊಟ್ಟಣ ಕಟ್ಟುತ್ತಿದ್ದರು. ಆ ಊರಿಗೆ ಓದು ಬಾರದು. ಜನ ಗುರುತು ನೋಡಿಯೇ ಕೊಳ್ಳುತ್ತಿದ್ದರು.

ಅಲ್ಲಿನ ವೈದ್ಯ ಮಕ್ಕಳ ಜ್ವರಕ್ಕೆ ಒಂದು ಪುಡಿ ಮಾಡುತ್ತಿದ್ದ. ಅದಕ್ಕೆ ಇವನು ಹಸು ಮತ್ತು ಕರುವಿನ ಗುರುತು ಕೆತ್ತಿಕೊಟ್ಟಿದ್ದ. ಹಸುವಿನ ಕೊರಳಲ್ಲಿ ಒಂದು ಗಂಟೆ. ಪುಡಿ ಒಳ್ಳೆಯದು. ದಿನಕ್ಕೊಂದರಂತೆ ಮೂರು ಪೊಟ್ಟಣ ಹಾಕಿದರೆ ಜ್ವರ ಇಳಿಯುತ್ತಿತ್ತು. ತಾಯಂದಿರು ಅಂಗಡಿಗೆ ಬಂದು "ಹಸುಕರು ಕೊಡಿ" ಅಂದರೆ ಸಾಕಿತ್ತು. ಖಾಲಿ ಕಾಗದವನ್ನೂ ಅವರು ಬಿಸಾಡುತ್ತಿರಲಿಲ್ಲ. ಮಗು ನೋಡಿ ನಗಲಿ ಎಂದು ಗಂಜಿ ಬಳಿದು ತೊಟ್ಟಿಲ ಮೇಲಿನ ಗೋಡೆಗೆ ಅಂಟಿಸುತ್ತಿದ್ದರು.

ಒಂದು ದಿನ ಪರವೂರಿನ ವ್ಯಾಪಾರಿಯೊಬ್ಬ ಬಂದು, ನನಗೂ ಹಸುಕರು ಕೆತ್ತಿಕೊಡು ಎಂದ.

"ಒಂದು ಗುರುತನ್ನ ಇಬ್ಬರಿಗೆ ಕೆತ್ತಬಾರದು ಸ್ವಾಮಿ. ನಮ್ಮ ಕಸುಬಿನ ಕಟ್ಟಳೆ ಅದು."

"ಅದನ್ನೇ ಕೆತ್ತು ಅಂತ ಯಾರಂದರು? ಒಂಚೂರು ಬೇರೆ ಮಾಡು. ಕಣ್ಣಿದ್ದವರು ಕಂಡುಕೊಳ್ಳಲಿ."

ಕೆತ್ತುವವನು ಜಾಣ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಪೈಕಿ. ಹಸು ಕೆತ್ತಿದ, ಕರು ಕೆತ್ತಿದ, ಗಂಟೆಯನ್ನೂ ಕೆತ್ತಿದ. ಗಂಟೆಯೊಳಗಿನ ನಾಲಗೆಯನ್ನು ಮಾತ್ರ ಬಿಟ್ಟ. ಎರಡು ಗುರುತು ಬೇರೆ ಬೇರೆಯಾದವು, ಕಟ್ಟಳೆ ಮುರಿಯಲಿಲ್ಲ ಎಂದುಕೊಂಡ. ವೈದ್ಯನಿಗೆ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಅವಳಿಗೆ ಹೇಳಿದರೆ ಕೇರಿಗೆ ತಿಳಿಯುತ್ತದೆ, ಕೇರಿಗೆ ತಿಳಿದರೆ ವ್ಯಾಪಾರಿ ಮತ್ತೆ ಕೆಲಸ ಕೊಡುವುದಿಲ್ಲ.

ವ್ಯಾಪಾರಿಯ ಪುಡಿಯೂ ಅದೇ ಅಂಗಡಿಗೆ ಬಂತು. ಪುಡಿ ಎಂದರೆ ಸೀಮೆಸುಣ್ಣ, ಒಂದಿಷ್ಟು ಕಾವಿಮಣ್ಣು. ಅದರಲ್ಲಿ ವಿಷವಿರಲಿಲ್ಲ. ಔಷಧವೂ ಇರಲಿಲ್ಲ.

ಕೆಲವು ತಿಂಗಳ ಮೇಲೆ ಕೆತ್ತುವವನು ಸೀರೆಗೆ ಒತ್ತುವ ಅಚ್ಚಿನ ಕೆಲಸಕ್ಕೆಂದು ಬೇರೆ ಊರಿಗೆ ಹೋದ. ಮನೆಯಲ್ಲಿ ಮಗಳಿಗೆ ಜ್ವರ ಬಂತು. ಹೆಂಡತಿ ಹೆದರಲಿಲ್ಲ. ಅಂಗಡಿಗೆ ಹೋಗಿ ಮೂರು ಹಸುಕರು ತಂದಳು. ಮೊದಲ ದಿನ ಜ್ವರ ಇಳಿಯಲಿಲ್ಲ. ಎರಡನೆಯ ದಿನ ಏರಿತು. ವೈದ್ಯನ ಮನೆ ಪಕ್ಕದ ಬೀದಿಯಲ್ಲೇ ಇತ್ತು. ತೋರಿಸಿ ಬಾರೇ ಎಂದು ನೆರೆಯವಳು ಹೇಳಿದಳು. ಹಸುಕರು ಹಾಕಿದ್ದೇನೆ, ಮೂರಕ್ಕೆ ಇಳಿಯುತ್ತದೆ ಎಂದು ಇವಳು ಕಾದಳು. ನಾಲ್ಕನೆಯ ದಿನ ಮಗುವನ್ನೆತ್ತಿಕೊಂಡು ಓಡಿದಳು. ವೈದ್ಯ ಮಗುವಿನ ಕೈ ಹಿಡಿದು ನೋಡಿ, ಕೆಳಗಿಟ್ಟ. ಮೊನ್ನೆ ತಂದಿದ್ದರೆ ಆಗುತ್ತಿತ್ತು ಎಂದಷ್ಟೇ ಹೇಳಿದ.

ಕೆತ್ತುವವನು ಊರಿಗೆ ಬರುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು. ತೊಟ್ಟಿಲು ಖಾಲಿ. ಮೇಲಿನ ಗೋಡೆಯಲ್ಲಿ ಹಸುಕರುಗಳ ಸಾಲು. ಅವನು ಹತ್ತಿರ ಹೋಗಿ ನೋಡಿದ. ಕೊನೆಯ ಮೂರು ಕಾಗದಗಳ ಮುಂದೆ ನಿಂತುಬಿಟ್ಟ.

"ಏನು ನೋಡ್ತೀರಿ?" ಎಂದಳು ಹೆಂಡತಿ. "ಅದೇ ಪುಡಿ. ಒಂದು ಹೊತ್ತೂ ತಪ್ಪಿಸಲಿಲ್ಲ ನಾನು. ಈ ಸಲ ಯಾಕೆ ಕೈಬಿಡ್ತೋ."

ಅವನು ಬೆರಳಿಟ್ಟು ತೋರಿಸಿದ. "ಈ ಗಂಟೆಗೆ ನಾಲಗೆ ಇಲ್ಲ."

ಅವಳು ಸಾಲಿನ ಮೊದಲ ಕಾಗದ ನೋಡಿದಳು. ಕೊನೆಯದನ್ನು ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು.

"ನಿಮಗೆ ಹೇಗೆ ಗೊತ್ತು?" ಎಂದಳು.



ಗುರುಗಳು ಇಲ್ಲಿಗೆ ನಿಲ್ಲಿಸಿದರು. "ನನಗೆ ಆ ವ್ಯಾಪಾರಿಯ ಮೇಲೆ ಅಷ್ಟು ಸಿಟ್ಟಿಲ್ಲ. ಅಂಥವರು ಎಲ್ಲ ಕಾಲಕ್ಕೂ ಇರುತ್ತಾರೆ. ಕೆತ್ತಿದವನನ್ನು ನೆನೆದರೆ ಮಾತ್ರ ಹೊಟ್ಟೆ ಉರಿಯುತ್ತದೆ," ಎಂದರು.

ಮರುಳಸಿದ್ಧ ತನ್ನ ಪೊಟ್ಟಣವನ್ನು ಕೈಗೆ ತೆಗೆದುಕೊಂಡ. "ಆದರೆ ಬುದ್ಧಿ, ಇದು ಬೇರೆ. ಕಿರಣ ಎಣಿಸಿದರೆ ಯಾರಿಗಾದರೂ ತಿಳಿಯುತ್ತದೆ."

"ನಿಮ್ಮ ಮನೇಲಿ ಅಂಗಡಿಗೆ ಹೋಗೋರು ಯಾರಪ್ಪ?" ಎಂದರು ಗುರುಗಳು.